ಕೃಷ್ಣವಿವರದ ಗಂಟೆ ಬಾರಿಸಿದ ಕನ್ನಡಿಗ

ಉಚ್ಚಿಲದ ಮಹಾಲಕ್ಷ್ಮಿ ದೇವಸ್ಥಾನದ ಗಂಟೆಯನ್ನು ಎಳೆಯ ಮಗು ಮೆಲ್ಲಗೆ ಬಾರಿಸಿದರೂ, ಬಲೆ ಎಳೆದು ರಟ್ಟೆ ಗಟ್ಟಿಯಾದ ಮೀನುಗಾರ ಜೋರಾಗಿ ಬಾರಿಸಿದರೂ ಹೊರಡುವ ಸ್ವರ ಒಂದೇ. ಹೊಡೆತ ಬಲವಾದರೆ ಸದ್ದು ಹೆಚ್ಚೀತು, ಸ್ವರ ಬದಲಾಗದು. ಏಕೆಂದರೆ ಸ್ವರವನ್ನು ನಿರ್ಧರಿಸುವುದು ಹೊಡೆಯುವ ಕೈಯಲ್ಲ. ಗಂಟೆಯ ಲೋಹ, ಗಾತ್ರ, ದಪ್ಪ ಮತ್ತು ಆಕಾರ. ಹೊಡೆದವರ ಗುರುತು ಕ್ಷಣಾರ್ಧದಲ್ಲಿ ಅಳಿದುಹೋಗುತ್ತದೆ, ಗಂಟೆಯ ಗುರುತು ಉಳಿಯುತ್ತದೆ. ಆದ್ದರಿಂದಲೇ ಗುಡಿ ಕಣ್ಣಿಗೆ ಕಾಣದಿದ್ದರೂ ಇದು ಯಾವ ಗುಡಿಯ ಗಂಟೆ ಎಂದು ಊರವರು ದೂರದಿಂದಲೇ ಹೇಳಬಲ್ಲರು.

ಬೆಳಕನ್ನೂ ಹೊರಬಿಡದ, ಯಾವ ದೂರದರ್ಶಕಕ್ಕೂ ತನ್ನ ಒಳಗನ್ನು ತೋರದ ಕೃಷ್ಣವಿವರವನ್ನು ಬಾರಿಸಿದರೆ ಅದೂ ಹೀಗೆ ನುಡಿದೀತೆ? ನುಡಿದರೆ ಆ ಸ್ವರ ಕೇಳಿ ಇದು ಕೃಷ್ಣವಿವರವೇ ಎಂದು ಗುರುತಿಸಬಹುದೆ? 1970ರಲ್ಲಿ, ಅಂಥ ಒಂದಾದರೂ ಕಾಯ ಆಕಾಶದಲ್ಲಿ ಇದೆಯೆಂದು ಯಾರೂ ಖಚಿತವಾಗಿ ಹೇಳಲಾಗದಿದ್ದ ಕಾಲದಲ್ಲಿ, 32 ವರ್ಷದ ಒಬ್ಬ ಕನ್ನಡಿಗ ಈ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಕೊಟ್ಟರು: ನುಡಿಯುತ್ತದೆ, ಗುರುತಿಸಬಹುದು. ಆ ಸ್ವರ ಭೂಮಿಯ ಮೇಲಿನ ಉಪಕರಣಗಳಿಗೆ ಮೊದಲ ಬಾರಿ ಮುಟ್ಟಿದ್ದು 2015ರಲ್ಲಿ. ಲೆಕ್ಕಕ್ಕೂ ಸಾಕ್ಷ್ಯಕ್ಕೂ ನಡುವೆ 45 ವರ್ಷಗಳು ಸಂದಿದ್ದವು.

ಆ ವಿಜ್ಞಾನಿಯ ಹೆಸರು ಸಿ.ವಿ. ವಿಶ್ವೇಶ್ವರ. ಹೆಸರು ಕೇಳಿದೊಡನೆ ಕನ್ನಡಿಗರಿಗೆ ಕನ್ನಂಬಾಡಿ ಕಟ್ಟೆಯ ಸರ್ ಎಂ. ವಿಶ್ವೇಶ್ವರಯ್ಯನವರು ನೆನಪಾಗುವುದು ಸಹಜ. ಇವರು ಕಟ್ಟಿದ್ದು ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ಗುರುತ್ವದ ಕ್ವಾಂಟಮ್ ರೂಪವನ್ನು ಹುಡುಕುವವರು, ತಂತು ಸಿದ್ಧಾಂತದವರು, ಗುರುತ್ವ ತರಂಗಗಳಿಗೆ ಕಿವಿಗೊಟ್ಟವರು, ಇವರೆಲ್ಲರೂ ಇಂದು ಅವರ ಲೆಕ್ಕದ ಮೇಲೆ ಕಾಲೂರಿ ನಿಂತಿದ್ದಾರೆ.

ಸಾಹಿತಿಯ ಮನೆಯಿಂದ

ವಿಶ್ವೇಶ್ವರ ಹುಟ್ಟಿದ್ದು 1938ರ ಮಾರ್ಚ್ 6ರಂದು, ಬೆಂಗಳೂರಿನಲ್ಲಿ. ತಂದೆ ಸಿ.ಕೆ. ವೆಂಕಟರಾಮಯ್ಯನವರು ಕನ್ನಡದ ಹಿರಿಯ ಸಾಹಿತಿ. 1947ರಲ್ಲಿ ಹರಪನಹಳ್ಳಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅಕ್ಷರದ ಮನೆಯಲ್ಲಿ ಬೆಳೆದ ಮಗ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಓದಿ ಅಮೆರಿಕಕ್ಕೆ ಹೋದರು. ಮೊದಲು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯ, ಅನಂತರ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯ. ಮೇರಿಲ್ಯಾಂಡಿನಲ್ಲಿ ಅವರ ಮಾರ್ಗದರ್ಶಕರಾಗಿದ್ದವರು ಚಾರ್ಲ್ಸ್ ಮಿಸ್ನರ್. ಸಾಪೇಕ್ಷತೆಯ ವಿದ್ಯಾರ್ಥಿಗಳಿಗೆ ಇಂದಿಗೂ ಆಕರವಾಗಿರುವ 1973ರ 'ಗ್ರಾವಿಟೇಶನ್' ಎಂಬ ಬೃಹತ್ ಗ್ರಂಥದ ಮೂವರು ಲೇಖಕರಲ್ಲಿ ಮಿಸ್ನರ್ ಒಬ್ಬರು.

ಮೇರಿಲ್ಯಾಂಡಿನಲ್ಲಿ ಆಗ ಇನ್ನೊಬ್ಬ ವಿಜ್ಞಾನಿಯೂ ಇದ್ದರು: ಜೋಸೆಫ್ ವೆಬರ್. ದೊಡ್ಡ ಅಲ್ಯೂಮಿನಿಯಂ ಉರುಳೆಗಳನ್ನು ತೂಗುಹಾಕಿ, ಬಾಹ್ಯಾಕಾಶದಿಂದ ಬರುವ ಗುರುತ್ವ ತರಂಗ ಅವುಗಳನ್ನು ಕಂಪಿಸುವಂತೆ ಮಾಡೀತೇ ಎಂದು ಕಾದವರು ಅವರು. 1969ರಲ್ಲಿ ತರಂಗ ಸಿಕ್ಕಿತೆಂದು ವೆಬರ್ ಸಾರಿದರು. ಬೇರೆಡೆ ಅದೇ ಪ್ರಯೋಗ ಮಾಡಿದವರಿಗೆ ಏನೂ ಸಿಗದೆ ಆ ಘೋಷಣೆ ಬಿದ್ದುಹೋಯಿತು. ಆದರೆ ಗುರುತ್ವ ತರಂಗವೆಂಬುದು ಕಾಗದದ ಮೇಲಿನ ಊಹೆಯಷ್ಟೇ ಅಲ್ಲ, ಪ್ರಯೋಗಶಾಲೆಯಲ್ಲಿ ಹಿಡಿಯಬೇಕಾದ ವಸ್ತು ಎಂಬ ಹಂಬಲವನ್ನು ಹುಟ್ಟಿಸಿದವರು ಅವರೇ.

ನಿಲ್ಲುವುದೋ, ಕುಸಿಯುವುದೋ?

ಐನ್‌ಸ್ಟೈನರ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತ ಪೂರ್ಣಗೊಂಡದ್ದು 1915ರಲ್ಲಿ. ಕೆಲವೇ ವಾರಗಳಲ್ಲಿ, ಮೊದಲ ಮಹಾಯುದ್ಧದ ಸೇನೆಯಲ್ಲಿದ್ದ ಕಾರ್ಲ್ ಶ್ವಾರ್ಜ್‌ಶೀಲ್ಡ್ ಅದರ ಸಮೀಕರಣಗಳಿಗೆ ಒಂದು ನಿಖರ ಉತ್ತರ ಕಂಡುಹಿಡಿದರು. ಅದರ ಪ್ರಕಾರ ಯಾವುದೇ ವಸ್ತುವನ್ನು ಸಾಕಷ್ಟು ಚಿಕ್ಕದಾಗಿ ಹಿಂಡಿದರೆ ಅದರ ಸುತ್ತ ಒಂದು ಗಡಿ ಏರ್ಪಡುತ್ತದೆ. ಗಡಿಯೊಳಗಿನಿಂದ ಬೆಳಕೂ ಹೊರಬರಲಾರದು. ಸೂರ್ಯನಿಗೆ ಈ ಗಡಿಯ ತ್ರಿಜ್ಯ ಸುಮಾರು 3 ಕಿಲೋಮೀಟರ್. ಇಡೀ ಭೂಮಿಗೆ ಹೆಚ್ಚುಕಡಿಮೆ 9 ಮಿಲಿಮೀಟರ್.

ಅರ್ಧ ಶತಮಾನದವರೆಗೆ ಬಹುಪಾಲು ವಿಜ್ಞಾನಿಗಳು ಇದನ್ನು ಗಣಿತದ ಚಮತ್ಕಾರವೆಂದೇ ಬಗೆದರು. ಅದಕ್ಕೆ ಒಂದು ಒಳ್ಳೆಯ ಕಾರಣವೂ ಇತ್ತು. ಸೂಜಿಯನ್ನು ಅದರ ಮೊನೆಯ ಮೇಲೆ ನಿಲ್ಲಿಸಬಹುದೆಂದು ಲೆಕ್ಕ ಹೇಳುತ್ತದೆ. ಆದರೆ ಹಾಗೆ ನಿಂತ ಸೂಜಿಯನ್ನು ಯಾರೂ ಕಂಡಿಲ್ಲ, ಏಕೆಂದರೆ ಅತಿ ಸಣ್ಣ ಅಲುಗಾಟಕ್ಕೂ ಅದು ಬೀಳುತ್ತದೆ. ಕೃಷ್ಣವಿವರವೂ ಹಾಗೆಯೇ ಇದ್ದರೆ? ಯಾವುದೋ ಧೂಳಿನ ಕಣ ತಾಗಿ ಹುಟ್ಟಿದ ಅಲುಗಾಟ ಬೆಳೆಯುತ್ತ ಹೋಗಿ ಅದು ಚೂರಾಗುವುದಾದರೆ, ನಿಸರ್ಗದಲ್ಲಿ ಕೃಷ್ಣವಿವರ ಇರುವ ಮಾತೇ ಬರುವುದಿಲ್ಲ.

1957ರಲ್ಲಿ ತುಲ್ಲಿಯೊ ರೆಜ್ಜೆ ಮತ್ತು ಜಾನ್ ವೀಲರ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ಅಲುಗಾಟದ ಸಮೀಕರಣವನ್ನು ಬರೆದರು. ಆದರೆ ಗಡಿಯ ಬಳಿ ಲೆಕ್ಕ ತೊಡಕಿಗೆ ಸಿಲುಕಿತು. ಅಲ್ಲಿ ಶ್ವಾರ್ಜ್‌ಶೀಲ್ಡರ ಅಳತೆಗೋಲುಗಳೇ ಹಳಿ ತಪ್ಪುತ್ತಿದ್ದವು. ಗೋಡೆಗೆ ತೂಗುಹಾಕುವ ಭೂಪಟದಲ್ಲಿ ಉತ್ತರ ಧ್ರುವ ಒಂದು ಬಿಂದುವಾಗಿರದೆ ಉದ್ದನೆಯ ಗೆರೆಯಾಗಿ ಕಾಣುತ್ತದಲ್ಲ, ಅದು ಭೂಮಿಯ ದೋಷವಲ್ಲ, ಪಟದ ದೋಷ. ಇಲ್ಲಿಯೂ ಹಾಗೆಯೇ. 1960ರಲ್ಲಿ ಮಾರ್ಟಿನ್ ಕ್ರುಸ್ಕಲ್ ಗಡಿಯ ಬಳಿಯೂ ಸರಿಯಾಗಿ ನಡೆಯುವ ಹೊಸ ಪಟವೊಂದನ್ನು ಕೊಟ್ಟರು.

ವಿಶ್ವೇಶ್ವರ ತಮ್ಮ ಡಾಕ್ಟರೇಟ್ ಅಧ್ಯಯನದಲ್ಲಿ ಈ ಹೊಸ ಪಟವನ್ನಿಟ್ಟುಕೊಂಡು ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಿದರು. ಕಾಲದೊಂದಿಗೆ ಬೆಳೆಯುತ್ತಲೇ ಹೋಗುವ ಅಲುಗಾಟ ಇರಬೇಕಾದರೆ ಅದು ಆರಂಭದಲ್ಲೇ ಕೃಷ್ಣವಿವರದ ಗಡಿಯಲ್ಲಿ ಅಥವಾ ಬಹುದೂರದಲ್ಲಿ ಅನಂತವಾಗಿರಬೇಕಾಗುತ್ತದೆ. ನಿಜ ಜಗತ್ತಿನಲ್ಲಿ ಅಂಥ ಅಲುಗಾಟ ಹುಟ್ಟಲಾರದು ಎಂದು ಅವರು ತೋರಿಸಿದರು. ಅಂದರೆ ಕೃಷ್ಣವಿವರ ಮೊನೆಯ ಮೇಲೆ ನಿಂತ ಸೂಜಿಯಲ್ಲ. ಬಟ್ಟಲಿನ ತಳದಲ್ಲಿ ಕುಳಿತ ಗೋಲಿ. ಅಲುಗಿಸಿದರೆ ಅಲುಗಿ ಮತ್ತೆ ನೆಲೆಗೆ ಬರುತ್ತದೆ. 1968ರಲ್ಲಿ ಡಾಕ್ಟರೇಟ್ ಆಯಿತು. ಸ್ಥಿರತೆಯ ಕುರಿತ ಪ್ರಬಂಧ 1970ರಲ್ಲಿ 'ಫಿಸಿಕಲ್ ರಿವ್ಯೂ'ನಲ್ಲಿ ಅಚ್ಚಾಯಿತು. 'ಬ್ಲ್ಯಾಕ್ ಹೋಲ್' ಎಂಬ ಹೆಸರನ್ನು ವೀಲರ್ ಪ್ರಚಾರಕ್ಕೆ ತಂದದ್ದು 1967ರ ಕೊನೆಯಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಹೆಸರು ಬಳಕೆಗೆ ಬರುವ ಮೊದಲೇ ವಿಶ್ವೇಶ್ವರ ಅದರ ಅಳಿವು ಉಳಿವಿನ ಲೆಕ್ಕ ಹಾಕುತ್ತಿದ್ದರು.

ಗಂಟೆ ನುಡಿಯಿತು

ಮುಂದಿನ ಹೆಜ್ಜೆ ಇನ್ನಷ್ಟು ದಿಟ್ಟವಾದುದು. ಕೃಷ್ಣವಿವರ ಗಟ್ಟಿಯಾಗಿ ನಿಲ್ಲುತ್ತದೆ, ಸರಿ. ಆದರೆ ಕಾಣದ ವಸ್ತುವನ್ನು ಕಾಣುವುದು ಹೇಗೆ? ವಿಶ್ವೇಶ್ವರರ ಉಪಾಯ ಸರಳ. ಕತ್ತಲ ಕೋಣೆಯಲ್ಲಿರುವ ಪಾತ್ರೆಯನ್ನು ತಟ್ಟಿ ನೋಡುವ ಹಾಗೆ, ಕೃಷ್ಣವಿವರದ ಕಡೆಗೆ ಗುರುತ್ವ ತರಂಗದ ಒಂದು ತುಣುಕನ್ನು ಕಳಿಸಿ, ಚದುರಿ ಹಿಂತಿರುಗುವುದು ಹೇಗಿರುತ್ತದೆಂದು ನೋಡುವುದು. ಆಗ ಅವರು ನ್ಯೂಯಾರ್ಕಿನಲ್ಲಿದ್ದ ನಾಸಾದ ಬಾಹ್ಯಾಕಾಶ ಅಧ್ಯಯನ ಸಂಸ್ಥೆಯಲ್ಲಿದ್ದರು. ಅಂದಿನ ಕಂಪ್ಯೂಟರಿನಲ್ಲಿ ಈ ಲೆಕ್ಕ ಓಡಿಸಿದರು.

ತರಂಗದ ತುಣುಕು ಕೃಷ್ಣವಿವರಕ್ಕಿಂತ ಬಹಳ ಅಗಲವಾಗಿದ್ದಾಗ ವಿಶೇಷವೇನೂ ಕಾಣಲಿಲ್ಲ. ತುಣುಕನ್ನು ಕಿರಿದುಗೊಳಿಸುತ್ತ, ಕೃಷ್ಣವಿವರದ ಗಾತ್ರಕ್ಕೆ ತಂದಾಗ ಹೊಸದೊಂದು ಗೋಚರಿಸಿತು. ಮರಳಿ ಬಂದ ತರಂಗದ ಬಾಲದಲ್ಲಿ ಕ್ರಮಬದ್ಧವಾದ ಕಂಪನವಿತ್ತು. ಅದು ಬೇಗಬೇಗನೆ ಕುಗ್ಗಿ ಅಡಗುತ್ತಿತ್ತು. ಕಳಿಸಿದ ತುಣುಕನ್ನು ಬದಲಿಸಿದರೂ ಆ ಕಂಪನದ ಸ್ವರ ಬದಲಾಗಲಿಲ್ಲ. ಅದು ತುಣುಕಿನ ಸ್ವರವಾಗಿರಲಿಲ್ಲ; ಕೃಷ್ಣವಿವರದ್ದೇ ಸ್ವರವಾಗಿತ್ತು. 1970ರಲ್ಲಿ 'ನೇಚರ್' ಪತ್ರಿಕೆಯ ಕೆಲವೇ ಪುಟಗಳಲ್ಲಿ ಈ ವಿಷಯ ಪ್ರಕಟವಾಯಿತು. ಮರುವರ್ಷ ವಿಲಿಯಂ ಪ್ರೆಸ್ ಈ ಕಂಪನಗಳಿಗೆ 'ಕ್ವಾಸಿ ನಾರ್ಮಲ್ ಮೋಡ್' ಎಂಬ ಹೆಸರು ಕೊಟ್ಟರು. ಕನ್ನಡದಲ್ಲಿ ಅರೆಸಹಜ ಕಂಪನ ಎನ್ನೋಣ. 'ಅರೆ' ಏಕೆಂದರೆ ಅದು ನಿರಂತರವಾಗಿ ನುಡಿಯುವುದಿಲ್ಲ: ಶಕ್ತಿ ಕೃಷ್ಣವಿವರದೊಳಕ್ಕೂ ಹೊರಗಿನ ಆಕಾಶಕ್ಕೂ ಎರಡೂ ಕಡೆ ಸೋರಿ ಸ್ವರ ಅಡಗುತ್ತದೆ. 1975ರಲ್ಲಿ ಎಸ್. ಚಂದ್ರಶೇಖರ್ ಮತ್ತು ಸ್ಟೀವನ್ ಡೆಟ್‌ವೈಲರ್ ಈ ಸ್ವರಗಳ ಬೆಲೆಗಳನ್ನು ಕ್ರಮವಾಗಿ ಲೆಕ್ಕ ಹಾಕಿದರು.

ಸ್ವರದ ಲೆಕ್ಕ ತೀರ ಸುಲಭ. ತಿರುಗದ ಕೃಷ್ಣವಿವರದ ದ್ರವ್ಯರಾಶಿ ಸೂರ್ಯನ ಹತ್ತರಷ್ಟಿದ್ದರೆ ಅದು ಸೆಕೆಂಡಿಗೆ ಸುಮಾರು 1,200 ಬಾರಿ ಕಂಪಿಸುತ್ತದೆ. ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕೂ ಕಡಿಮೆ ಅವಧಿಯಲ್ಲಿ ಕಂಪನ ಗಣನೀಯವಾಗಿ ಕುಗ್ಗುತ್ತದೆ. ಕೃಷ್ಣವಿವರ ನೂರುಮಡಿ ದೊಡ್ಡದಾದರೆ ಸ್ವರ ನೂರುಮಡಿ ತಗ್ಗುತ್ತದೆ, ನೂರುಮಡಿ ಹೆಚ್ಚು ಹೊತ್ತು ಉಳಿಯುತ್ತದೆ. ದೇವಸ್ಥಾನದ ಗಂಟೆಗೆ ಲೋಹ, ಆಕಾರ, ಬಿರುಕು ಎಂದು ಹತ್ತಾರು ಲಕ್ಷಣಗಳಿದ್ದರೆ, ನಿಸರ್ಗದ ಕೃಷ್ಣವಿವರಕ್ಕೆ ಇರುವುದು ಎರಡೇ: ಎಷ್ಟು ದ್ರವ್ಯರಾಶಿ, ಎಷ್ಟು ವೇಗದ ತಿರುಗು. ಸ್ವರವನ್ನೂ ಅದು ಅಡಗುವ ಬಗೆಯನ್ನೂ ಅಳೆದರೆ ಇವೆರಡೂ ಗೊತ್ತಾಗುತ್ತವೆ.

ಮಧ್ಯಾಹ್ನ 3 ಗಂಟೆ 20 ನಿಮಿಷಕ್ಕೆ

2015ರ ಸೆಪ್ಟೆಂಬರ್ 14, ಭಾರತೀಯ ಕಾಲಮಾನ ಮಧ್ಯಾಹ್ನ ಸುಮಾರು 3 ಗಂಟೆ 20 ನಿಮಿಷ. ಅಮೆರಿಕದ ಲಿವಿಂಗ್‌ಸ್ಟನ್ ಮತ್ತು ಹ್ಯಾನ್‌ಫರ್ಡ್‌ಗಳಲ್ಲಿರುವ ಲೈಗೋ ಉಪಕರಣಗಳ ನಾಲ್ಕು ಕಿಲೋಮೀಟರ್ ಉದ್ದದ ತೋಳುಗಳು, ಪ್ರೋಟಾನಿನ ವ್ಯಾಸದ ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಅಳತೆಯಲ್ಲಿ ಹಿಗ್ಗಿ ಕುಗ್ಗಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕೃಷ್ಣವಿವರಗಳು, ಒಂದು ಸೂರ್ಯನ 36ರಷ್ಟು, ಇನ್ನೊಂದು 29ರಷ್ಟು, ಒಂದನ್ನೊಂದು ಸುತ್ತಿ ಕೂಡಿಕೊಂಡಿದ್ದವು. ಕೂಡಿದ ಕೃಷ್ಣವಿವರ ಸೂರ್ಯನ 62ರಷ್ಟಿತ್ತು. ಉಳಿದ ಮೂರು ಸೂರ್ಯರಷ್ಟು ದ್ರವ್ಯರಾಶಿ ಗುರುತ್ವ ತರಂಗವಾಗಿ ಹರಡಿಹೋಗಿತ್ತು.

ಆ ಸಂಕೇತದ ಕೊನೆಯ ತುಣುಕಿನಲ್ಲಿ, ಹೊಸದಾಗಿ ಹುಟ್ಟಿದ ಕೃಷ್ಣವಿವರ ಕಂಪಿಸಿ ಶಾಂತವಾಗುವ ಗಳಿಗೆ ದಾಖಲಾಗಿತ್ತು. ಸೆಕೆಂಡಿಗೆ ಸುಮಾರು 250 ಕಂಪನ. ಸೆಕೆಂಡಿನ ಸಾವಿರದಲ್ಲಿ ನಾಲ್ಕು ಭಾಗದ ಹೊತ್ತಿಗೆ ಇಳಿಮುಖ. ಹಾರ್ಮೋನಿಯಂ ಬಲ್ಲವರಿಗೆ ಹೇಳುವುದಾದರೆ ನಡುಸಪ್ತಕದ 'ಬಿಳಿ ಒಂದು' ಶ್ರುತಿಗಿಂತ ತುಸು ಕೆಳಗಿನ ಸ್ವರ. 2016ರ ಫೆಬ್ರವರಿ 11ರಂದು ಈ ಶೋಧ ಪ್ರಕಟವಾದಾಗ ಮೂಲ ಪ್ರಬಂಧದ ಆಧಾರಗಳ ಸಾಲಿನಲ್ಲಿ ವಿಶ್ವೇಶ್ವರರ 1970ರ 'ನೇಚರ್' ಬರಹವಿತ್ತು. ಆಗ ಅವರಿಗೆ 77 ವರ್ಷ. ಮರುವರ್ಷ, 2017ರ ಜನವರಿ 16ರಂದು, ಅವರು ತೀರಿಕೊಂಡರು. ಅದೇ ವರ್ಷದ ಭೌತಶಾಸ್ತ್ರದ ನೊಬೆಲ್ ಲೈಗೋ ಕಟ್ಟಿದ ರೈನರ್ ವೈಸ್, ಬ್ಯಾರಿ ಬ್ಯಾರಿಶ್ ಮತ್ತು ಕಿಪ್ ಥಾರ್ನ್ ಅವರಿಗೆ ಸಂದಿತು.

ಒಂದು ಸುಂದರ ಸಂಖ್ಯೆಯ ಕತೆ

ಇಷ್ಟಕ್ಕೇ ನಿಂತಿದ್ದರೆ ಇದು ಖಗೋಳ ವಿಜ್ಞಾನದ ಕತೆಯಾಗಿ ಮುಗಿಯುತ್ತಿತ್ತು. ಆದರೆ ವಿಶ್ವೇಶ್ವರರ ಗಂಟೆ ಇನ್ನೊಂದು ಅಂಗಳದಲ್ಲೂ ಮೊಳಗಿತು. ಅದು ಕ್ವಾಂಟಮ್ ಗುರುತ್ವದ ಅಂಗಳ.

ಇಪ್ಪತ್ತನೆಯ ಶತಮಾನದ ಭೌತಶಾಸ್ತ್ರಕ್ಕೆ ಎರಡು ಕಂಬಗಳು. ದೊಡ್ಡದಕ್ಕೆಲ್ಲ ಸಾಪೇಕ್ಷತೆ, ಸಣ್ಣದಕ್ಕೆಲ್ಲ ಕ್ವಾಂಟಮ್ ಸಿದ್ಧಾಂತ. ಎರಡೂ ತಮ್ಮ ತಮ್ಮ ಎಲ್ಲೆಯಲ್ಲಿ ಅಚ್ಚುಕಟ್ಟು. ಎರಡನ್ನೂ ಕೂಡಿಸಹೋದರೆ ಲೆಕ್ಕದಲ್ಲಿ ಅನಂತಗಳು ನುಗ್ಗುತ್ತವೆ. ಇವು ಮುಖಾಮುಖಿಯಾಗುವ ಜಾಗವೇ ಕೃಷ್ಣವಿವರ. 1970ರ ದಶಕದ ಆರಂಭದಲ್ಲಿ ಜೇಕಬ್ ಬೆಕೆನ್‌ಸ್ಟೈನ್, ಕೃಷ್ಣವಿವರದ ಗಡಿಯ ವಿಸ್ತೀರ್ಣ ಎಂದರೆ ಅದರ ಎಂಟ್ರೋಪಿ, ಅಂದರೆ ಒಳಗೆ ಅಡಗಿರುವ ಸೂಕ್ಷ್ಮ ಸ್ಥಿತಿಗಳ ಎಣಿಕೆಯ ಅಳತೆ, ಎಂದರು. 1974ರಲ್ಲಿ ಸ್ಟೀಫನ್ ಹಾಕಿಂಗ್ ಕೃಷ್ಣವಿವರಕ್ಕೆ ತಾಪಮಾನವಿದೆ, ಅದು ಮೆಲ್ಲಗೆ ವಿಕಿರಣ ಸೂಸುತ್ತದೆ ಎಂದು ತೋರಿಸಿದರು. ಹಾಗಾದರೆ ಆ ಸೂಕ್ಷ್ಮ ಸ್ಥಿತಿಗಳು ಯಾವುವು? ಬಿಸಿ ನೀರಿನ ಬಿಸಿ ಅಣುಗಳ ಓಡಾಟದಿಂದ ಬರುತ್ತದೆ. ಕೃಷ್ಣವಿವರದಲ್ಲಿ ಓಡಾಡುವುದು ಏನು?

ಹೈಡ್ರೋಜನ್ ಪರಮಾಣು ಸೂಸುವ ಬೆಳಕಿನ ಗೆರೆಗಳನ್ನು ನೋಡಿ ನೀಲ್ಸ್ ಬೋರ್ ಪರಮಾಣುವಿನ ಕ್ವಾಂಟಮ್ ರಚನೆಯನ್ನು ಊಹಿಸಿದರು. ಕೃಷ್ಣವಿವರಕ್ಕೂ ಸ್ವರಗಳಿವೆಯಲ್ಲ, ಅದೇ ದಾರಿ ಹಿಡಿದರೆ? 1993ರಲ್ಲಿ ಹಾನ್ಸ್ ಪೀಟರ್ ನೊಲ್ಲೆರ್ಟ್, ಅತಿ ಬೇಗ ಅಡಗುವ ಕಂಪನಗಳ ಆವರ್ತನ ಒಂದು ನಿರ್ದಿಷ್ಟ ಬೆಲೆಯತ್ತ, ಸೂಕ್ತ ಮಾನದಲ್ಲಿ 0.0437ರತ್ತ, ಸಾಗುತ್ತದೆಂದು ಕಂಡರು. 1998ರಲ್ಲಿ ಇಸ್ರೇಲಿನ ಶಹರ್ ಹೋಡ್ ಆ ಅಂಕಿಯನ್ನು ಗುರುತಿಸಿದರು: ಅದು 3ರ ಸ್ವಾಭಾವಿಕ ಲಾಗರಿದಮನ್ನು ಪೈಯ ಎಂಟರಷ್ಟರಿಂದ ಭಾಗಿಸಿದಾಗ ಬರುವ ಬೆಲೆ. ಕೃಷ್ಣವಿವರದ ಗಡಿ ಬಿಡಿಬಿಡಿಯಾದ ತುಣುಕುಗಳಿಂದ ಕೂಡಿದೆ, ಪ್ರತಿ ತುಣುಕಿಗೂ ಮೂರು ಸ್ಥಿತಿಗಳಿವೆ ಎಂಬುದಕ್ಕೆ ಇದು ಸೂಚನೆಯೆಂದು ಅವರು ವಾದಿಸಿದರು.

ಭಾರತೀಯ ಮೂಲದ ಅಭಯ್ ಅಷ್ಟೇಕರ್ 1986ರಲ್ಲಿ ಬುನಾದಿ ಹಾಕಿದ ಕುಣಿಕೆ ಕ್ವಾಂಟಮ್ ಗುರುತ್ವ ಸಿದ್ಧಾಂತದಲ್ಲೂ ಗಡಿ ತುಣುಕು ತುಣುಕಾಗಿಯೇ ಇದೆ. ಆದರೆ ಆ ತುಣುಕಿನ ಗಾತ್ರವನ್ನು ಹೇಳುವ ಒಂದು ಸಂಖ್ಯೆ ಅಲ್ಲಿ ಸಡಿಲವಾಗಿ ಉಳಿದಿತ್ತು. 2003ರಲ್ಲಿ ಓಲಾಫ್ ಡ್ರೇಯರ್, ಹೋಡ್ ಕಂಡ ಬೆಲೆಯನ್ನು ಬಳಸಿ ಆ ಸಂಖ್ಯೆಯನ್ನು ಬಿಗಿದರು. ಎಂಟ್ರೋಪಿಯ ಲೆಕ್ಕವೂ ಸರಿಯಾಗಿ ಕೂಡಿಬಂತು. 0.0437ರ ಗುಟ್ಟು ನಿಖರವೆಂದು ಲುಬೊಶ್ ಮೋಟ್ಲ್ ಗಣಿತದಿಂದಲೇ ಸಾಧಿಸಿದರು. ಎರಡು ವಿಭಿನ್ನ ದಾರಿಗಳು ಒಂದೇ ಮನೆಗೆ ಬಂದಂತಾಯಿತು.

ಆದರೆ ಸಂಭ್ರಮ ಬಾಳಲಿಲ್ಲ. ವಿದ್ಯುದಾವೇಶವುಳ್ಳ ಮತ್ತು ತಿರುಗುವ ಕೃಷ್ಣವಿವರಗಳಿಗೆ ಅದೇ ಲೆಕ್ಕ ಹಾಕಿದಾಗ ಆ ಸುಂದರ ಬೆಲೆ ಸಿಗಲಿಲ್ಲ. 2004ರಲ್ಲಿ ಕುಣಿಕೆ ಸಿದ್ಧಾಂತದ ಎಣಿಕೆಯಲ್ಲೇ ತಿದ್ದುಪಡಿಯಾಗಿ, ಡ್ರೇಯರ್ ಹೊಂದಿಸಿದ ಬೆಲೆ ಕೈತಪ್ಪಿತು. ಸುಂದರವಾದ ಹೊಂದಾಣಿಕೆಯೆಲ್ಲ ಸತ್ಯವಾಗಬೇಕಿಲ್ಲ ಎಂಬ ಪಾಠವನ್ನು ಈ ಕತೆ ಕಲಿಸಿತು. ವಿಶ್ವೇಶ್ವರರ ಸ್ವರಗಳಲ್ಲಿ ತಪ್ಪಿರಲಿಲ್ಲ. ಅವುಗಳಿಂದ ತೆಗೆದ ಅರ್ಥದಲ್ಲಿ ಅವಸರವಿತ್ತು.

ತಂತುಗಳ ದಾರಿ

ಇನ್ನೊಂದು ದಾರಿ ತಂತು ಸಿದ್ಧಾಂತದ್ದು. ಇದರ ಪ್ರಕಾರ ಎಲೆಕ್ಟ್ರಾನ್, ಕ್ವಾರ್ಕ್‌ಗಳೆಲ್ಲ ಬಿಂದುಗಳಲ್ಲ. ಊಹೆಗೂ ಮೀರಿದಷ್ಟು ಸಣ್ಣ ತಂತುಗಳ ಬಗೆಬಗೆಯ ಕಂಪನಗಳು. ವೀಣೆಯ ಒಂದೇ ತಂತಿಯಿಂದ ಹಲವು ಸ್ವರ ಹೊರಡುವಂತೆ ಒಂದೇ ತಂತುವಿನಿಂದ ಹಲವು ಕಣಗಳು. ಈ ಸ್ವರಗಳಲ್ಲಿ ಗುರುತ್ವವನ್ನು ಒಯ್ಯುವ ಕಣವೂ ತಾನಾಗಿ ಸಿಗುತ್ತದೆಂಬುದೇ ಇದರ ಆಕರ್ಷಣೆ. 1996ರಲ್ಲಿ ಆಂಡ್ರೂ ಸ್ಟ್ರಾಮಿಂಜರ್ ಮತ್ತು ಕುಮ್ರುನ್ ವಾಫಾ ಒಂದು ವಿಶೇಷ ಬಗೆಯ ಕೃಷ್ಣವಿವರದ ಸೂಕ್ಷ್ಮ ಸ್ಥಿತಿಗಳನ್ನು ಈ ಸಿದ್ಧಾಂತದಿಂದ ಎಣಿಸಿ, ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ ಹೇಳಿದ ಎಂಟ್ರೋಪಿಯನ್ನೇ ಪಡೆದರು.

ಮರುವರ್ಷ, 1997ರಲ್ಲಿ, ಹ್ವಾನ್ ಮಾಲ್ದಸೇನ ಇನ್ನೂ ಬೆರಗಿನ ವಿಷಯ ಹೇಳಿದರು. ಕೆಲವು ವಿಶೇಷ ವಿಶ್ವಗಳಲ್ಲಿ, ಒಳಗೆ ನಡೆಯುವ ಗುರುತ್ವದ ಆಟವೆಲ್ಲ ಆ ವಿಶ್ವದ ಅಂಚಿನಲ್ಲಿ ಗುರುತ್ವವೇ ಇಲ್ಲದ ಕಣಗಳ ಆಟವಾಗಿಯೂ ಬರೆಯಲ್ಪಟ್ಟಿದೆ. ತೊಗಲುಗೊಂಬೆಯೂ ಪರದೆಯ ಮೇಲಿನ ನೆರಳೂ ಒಂದೇ ಕತೆಯನ್ನು ಹೇಳುವಂತೆ, ಇವೆರಡೂ ಒಂದೇ ವಾಸ್ತವದ ಎರಡು ಭಾಷೆಗಳು. ಒಳಗೆ ಕೃಷ್ಣವಿವರವಿದ್ದರೆ ಅಂಚಿನಲ್ಲಿ ಅದು ಬಿಸಿಯಾದ ದ್ರವ. ಆ ಕೃಷ್ಣವಿವರವನ್ನು ಬಾರಿಸಿದರೆ ಅಂಚಿನಲ್ಲಿ ಏನಾದೀತು? 2000ದಲ್ಲಿ ಗ್ಯಾರಿ ಹೊರೊವಿಟ್ಜ್ ಮತ್ತು ವೆರೋನಿಕಾ ಹುಬೆನಿ ಪ್ರಕಟಿಸಿದ ಉತ್ತರ ಹೀಗಿತ್ತು: ಕೃಷ್ಣವಿವರದ ಸ್ವರ ಅಡಗಲು ಹಿಡಿಯುವ ಸಮಯವೇ, ಕದಡಿದ ಬಿಸಿ ದ್ರವ ಮತ್ತೆ ಶಾಂತವಾಗಲು ಹಿಡಿಯುವ ಸಮಯ. ವಿಶ್ವೇಶ್ವರರ ಅರೆಸಹಜ ಕಂಪನ ಈಗ ದ್ರವವಿಜ್ಞಾನದ ಮಾತಾಡತೊಡಗಿತು.

ಇದು ಬರೀ ಲೆಕ್ಕದ ಆಟವಲ್ಲ. ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಚಿನ್ನದ ನ್ಯೂಕ್ಲಿಯಸ್‌ಗಳನ್ನು ಡಿಕ್ಕಿ ಹೊಡೆಸಿ ಪಡೆದ ಅತ್ಯುಷ್ಣ ವಸ್ತು, ಅನಿಲದಂತೆ ಚದುರದೆ ಸ್ನಿಗ್ಧತೆ ತೀರ ಕಡಿಮೆಯಿರುವ ದ್ರವದಂತೆ ಹರಿಯಿತೆಂದು 2005ರಲ್ಲಿ ಪ್ರಕಟವಾಯಿತು. ಅದೇ ವರ್ಷ ಕೋವ್‌ಟುನ್, ಸೋನ್ ಮತ್ತು ಸ್ಟಾರಿನೆಟ್ಸ್, ಕೃಷ್ಣವಿವರದ ಕಂಪನದ ವಿದ್ಯೆಯಿಂದ ಪಡೆದ ತೀರ ಕಡಿಮೆ ಸ್ನಿಗ್ಧತೆಯ ಬೆಲೆಯನ್ನು ಮುಂದಿಟ್ಟರು. ಬ್ರೂಕ್‌ಹೇವನ್ ದ್ರವ ಅದರ ಸಮೀಪದಲ್ಲಿತ್ತು. ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸಯಂತನಿ ಭಟ್ಟಾಚಾರ್ಯ ಮತ್ತು ಶಿರಾಜ್ ಮಿನ್ವಾಲಾ, ಹುಬೆನಿ ಹಾಗೂ ಮುಕುಂದ್ ರಂಗಮಣಿ ಅವರೊಂದಿಗೆ ಸೇರಿ, ಐನ್‌ಸ್ಟೈನರ ಸಮೀಕರಣಗಳಿಂದಲೇ ದ್ರವದ ಹರಿವಿನ ಸಮೀಕರಣಗಳು ಹೊರಡುವ ಬಗೆಯನ್ನು ತೋರಿಸಿದರು.

ಹಾಗೆಂದು ತಂತು ಸಿದ್ಧಾಂತ ಗೆದ್ದಿತೆಂದು ತಿಳಿಯಬಾರದು. ಮಾಲ್ದಸೇನರ ವಿಶ್ವ ನಾವಿರುವ ವಿಶ್ವವಲ್ಲ. ತಂತುವನ್ನು ನೇರವಾಗಿ ತೋರಿಸಿದ ಪ್ರಯೋಗ ಒಂದೂ ಇಲ್ಲ. ಕುಣಿಕೆ ಸಿದ್ಧಾಂತಕ್ಕೂ ಅದೇ ಕೊರತೆ. ದಶಕಗಳಿಂದ ಸಾವಿರಾರು ಪ್ರತಿಭಾವಂತರು ಬಾಳು ಸವೆಸಿದ ಕ್ಷೇತ್ರ ಇದು. ಸಾಕ್ಷ್ಯ ಎಲ್ಲಿ ಎಂದು ಕೇಳುವವರ ಕೇಳ್ವಿ ನ್ಯಾಯವಾದುದೇ. ಸಾಕ್ಷ್ಯ ಸಿಗಬಹುದಾದ ಕೆಲವೇ ಜಾಗಗಳಲ್ಲಿ ಕೃಷ್ಣವಿವರದ ಸ್ವರವೂ ಒಂದು ಎಂಬುದು ಗಮನಾರ್ಹ. ಕೃಷ್ಣವಿವರಕ್ಕೆ ನಿಜವಾದ ಗಡಿಯೇ ಇಲ್ಲ, ಅದು ತಂತುಗಳ ದಟ್ಟ ಉಂಡೆ ಎಂಬ ವಾದವನ್ನು ತಂತು ಸಿದ್ಧಾಂತಿ ಸಮೀರ್ ಮಾಥುರ್ ಮುಂದಿಟ್ಟಿದ್ದಾರೆ. ಗಡಿಯಿಲ್ಲದ ಕಾಯವಾದರೆ ಒಳಹೊಕ್ಕ ತರಂಗ ಮರಳಿ ಬಂದು ಸ್ವರದ ಹಿಂದೆ ಪ್ರತಿಧ್ವನಿ ಕೇಳಿಸೀತು. ಗಡಿಯಿಲ್ಲದೆಯೂ ಕೃಷ್ಣವಿವರಕ್ಕೆ ಹತ್ತಿರವಾಗುವಷ್ಟು ಬಿಗಿಯಾದ ಕಾಯಗಳನ್ನು ಕುರಿತು ವಿಶ್ವೇಶ್ವರ, ಬಾಲ ಅಯ್ಯರ್ ಮತ್ತು ಸಂಜೀವ್ ಧುರಂಧರ್ 1985ರಲ್ಲೇ ಪ್ರಬಂಧ ಬರೆದಿದ್ದರು. ಪ್ರತಿಧ್ವನಿಯ ಹುಡುಕಾಟ ನಡೆದಿದೆ; ಎಲ್ಲರೂ ಒಪ್ಪುವಂಥ ಕುರುಹು ಸಿಕ್ಕಿಲ್ಲ.

ಮರಳಿ ಬೆಂಗಳೂರಿಗೆ

ಅಮೆರಿಕದಲ್ಲಿ ನೆಲೆ ನಿಲ್ಲಬಹುದಾಗಿದ್ದ ವಿಶ್ವೇಶ್ವರ 1976ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಮುಂದೆ ಭಾರತೀಯ ಖಭೌತ ಸಂಸ್ಥೆಯಲ್ಲಿದ್ದರು. 1989ರಲ್ಲಿ ತೆರೆದ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. ತಾರಾಲಯವೆಂದರೆ ಗುಮ್ಮಟದಡಿ ನಕ್ಷತ್ರ ತೋರಿಸಿ ಕಳಿಸುವ ಜಾಗವಲ್ಲ, ಎಳೆಯರು ವಿಜ್ಞಾನವನ್ನು ಕೈಯಾರೆ ಮಾಡಿ ಕಲಿಯುವ ಮನೆ ಎಂಬುದು ಅವರ ನಿಲುವಾಗಿತ್ತು. ವ್ಯಂಗ್ಯಚಿತ್ರ ಬರೆಯುವ ಹವ್ಯಾಸ ಅವರದು. ಸ್ನಾನದ ತೊಟ್ಟಿಯಲ್ಲಿ ಕುಳಿತು ಕೃಷ್ಣವಿವರದ ಕತೆ ಕೇಳುವಂಥ ತಮಾಷೆಯ ಹೆಸರಿನ ಜನಪ್ರಿಯ ವಿಜ್ಞಾನ ಗ್ರಂಥವೊಂದನ್ನು 2006ರಲ್ಲಿ ಇಂಗ್ಲಿಷಿನಲ್ಲಿ ಬರೆದರು.

2017ರಲ್ಲೇ, ಜುಲೈ 24ರಂದು, ಉಚ್ಚಿಲದ ಪಕ್ಕದ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಕೂಡ ತೀರಿಕೊಂಡರು. ವಿಶ್ವಕಿರಣಗಳ ಅಧ್ಯಯನದಿಂದ ಆರಂಭಿಸಿ 1975ರಲ್ಲಿ 'ಆರ್ಯಭಟ' ಉಪಗ್ರಹವನ್ನು ಕಟ್ಟಿದ ತಂಡದ ಮುಂದಾಳು ಅವರು. ಉಪಗ್ರಹ ಮೇಲೇರಿದರೆ ದೇಶವೇ ನೋಡುತ್ತದೆ, ಅಂದೇ ಚಪ್ಪಾಳೆ ತಟ್ಟುತ್ತದೆ. ಕಾಗದದ ಮೇಲಿನ ಲೆಕ್ಕಕ್ಕೆ ಆ ಭಾಗ್ಯವಿಲ್ಲ. ನಾಡಿಗೆ ಎರಡೂ ಬೇಕು. ಆದರೆ ಎರಡನೆಯದನ್ನು ಸಾಕುವ ಸಮಾಜಕ್ಕೆ ಕಾಯುವ ತಾಳ್ಮೆ ಇರಬೇಕಾಗುತ್ತದೆ. ಇದು ಯಾವುದಕ್ಕೆ ಉಪಯೋಗ ಎಂದು 1970ರಲ್ಲಿ ಕೇಳಿದ್ದರೆ ಯಾರೂ ಉತ್ತರಿಸಲಾಗುತ್ತಿರಲಿಲ್ಲ.

ಆ ತಾಳ್ಮೆಗೆ ಕರ್ನಾಟಕದಲ್ಲಿ ಇಂದು ನೆಲೆಗಳಿವೆ. ಬೆಂಗಳೂರಿನ ಹೊರವಲಯದ ಶಿವಕೋಟೆಯಲ್ಲಿ, ಸ್ಪೆಂಟಾ ವಾಡಿಯಾ ಅವರ ಮುಂದಾಳತ್ವದಲ್ಲಿ 2007ರಲ್ಲಿ ರೂಪುಗೊಂಡ ಸೈದ್ಧಾಂತಿಕ ವಿಜ್ಞಾನಗಳ ಅಂತರರಾಷ್ಟ್ರೀಯ ಕೇಂದ್ರವಿದೆ. ಅಲ್ಲಿ ತಂತು ಸಿದ್ಧಾಂತದವರೂ ಗುರುತ್ವ ತರಂಗದವರೂ ಒಂದೇ ಸೂರಿನಡಿ ಕೆಲಸ ಮಾಡುತ್ತಾರೆ. ತಂತು ಸಿದ್ಧಾಂತಿಗಳ ಜಾಗತಿಕ ವಾರ್ಷಿಕ ಸಮ್ಮೇಳನ 2015ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಲೈಗೋದ ಭಾರತೀಯ ಉಪಕರಣವನ್ನು ನೆರೆಯ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಸುಮಾರು 2,600 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಲು ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು.

ವಿಶ್ವೇಶ್ವರರ ಮಗಳು ಸ್ಮಿತಾ ವಿಶ್ವೇಶ್ವರ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರಜ್ಞೆ. ಅವರ ಕ್ಷೇತ್ರ ಆಕಾಶದ್ದಲ್ಲ. ಎಲೆಕ್ಟ್ರಾನುಗಳ ಕ್ವಾಂಟಮ್ ನಡವಳಿಕೆಯದು. 2019ರಲ್ಲಿ ಅವರೂ ಸಂಗಡಿಗರೂ ಒಂದು ಪ್ರಬಂಧ ಪ್ರಕಟಿಸಿದರು. ಅತಿ ತಂಪಿನಲ್ಲಿ, ಬಲವಾದ ಕಾಂತಕ್ಷೇತ್ರದಲ್ಲಿರುವ ತೆಳುಪದರದ ಎಲೆಕ್ಟ್ರಾನುಗಳಲ್ಲೂ ಅರೆಸಹಜ ಕಂಪನಗಳು ಕಾಣಿಸಿಕೊಳ್ಳಬೇಕು ಎಂಬುದು ಅದರ ಸಾರ. ಅಂದರೆ ತಂದೆ ಕೃಷ್ಣವಿವರದಲ್ಲಿ ಕಂಡದ್ದನ್ನು ಪ್ರಯೋಗಶಾಲೆಯ ಮೇಜಿನ ಮೇಲೆ ಹುಡುಕುವ ದಾರಿಯನ್ನು ಮಗಳು ತೋರಿದ್ದಾರೆ.

ಆಕಾಶದ ಕಡೆಯಿಂದಲೂ ಸುದ್ದಿ ಬರುತ್ತಲೇ ಇದೆ. 2025ರ ಜನವರಿ 14ರಂದು ಬಂದ ಸಂಕೇತ, 2015ರ ಮೊದಲ ಸಂಕೇತದಂಥದೇ ಘಟನೆಯದು. ಆದರೆ ಹತ್ತು ವರ್ಷಗಳಲ್ಲಿ ಉಪಕರಣಗಳು ಸುಧಾರಿಸಿದ್ದರಿಂದ ಮೂರರಷ್ಟು ಸ್ಪಷ್ಟವಾಗಿತ್ತು. ಹೊಸ ಕೃಷ್ಣವಿವರದ ಕಂಪನದಲ್ಲಿ ಒಂದಲ್ಲ, ಎರಡು ಸ್ವರಗಳನ್ನು ವಿಜ್ಞಾನಿಗಳು ಬೇರ್ಪಡಿಸಿದರು. ಎರಡೂ ಸಾಪೇಕ್ಷತೆಯ ಲೆಕ್ಕಕ್ಕೆ ಸರಿಹೊಂದಿದವು. ಕೂಡುವ ಮೊದಲು ಎರಡು ಕೃಷ್ಣವಿವರಗಳ ಒಟ್ಟು ವಿಸ್ತೀರ್ಣ ಸುಮಾರು 2,40,000 ಚದರ ಕಿಲೋಮೀಟರ್. ಕೂಡಿದ ಮೇಲೆ ಸುಮಾರು 4,00,000, ಅಂದರೆ ಎರಡು ಕರ್ನಾಟಕಗಳಿಗಿಂತ ತುಸು ಹೆಚ್ಚು. ಕೃಷ್ಣವಿವರಗಳು ಕೂಡಿದರೆ ಒಟ್ಟು ವಿಸ್ತೀರ್ಣ ಎಂದೂ ಕುಗ್ಗದು ಎಂದು ಹಾಕಿಂಗ್ 1971ರಲ್ಲಿ ಹೇಳಿದ್ದ ನಿಯಮ ಹೀಗೆ ಸ್ವರದ ಮೂಲಕವೇ ದೃಢಪಟ್ಟಿತು. ಎರಡನೆಯ ಸ್ವರವೂ ಲೆಕ್ಕಕ್ಕೆ ಕೂಡಿಬಂದದ್ದರಿಂದ, ಐನ್‌ಸ್ಟೈನರನ್ನು ಮೀರಬಯಸುವ ಪ್ರತಿ ಸಿದ್ಧಾಂತವೂ ಇನ್ನು ಮುಂದೆ ಈ ಎರಡು ಸ್ವರಗಳಿಗೂ ಉತ್ತರ ಹೇಳಬೇಕಾಗುತ್ತದೆ.